ರೋಗಿ ಪಾಠ ಹೇಳುವ ತರಗತಿ

(ದತ್ತಿ ಉಪನ್ಯಾಸದ ಪೂರ್ಣಪಾಠ)



ಈ ದತ್ತಿಯನ್ನು ಇಟ್ಟವರು ಹಣ ಕೊಡುವಾಗ ಒಂದೇ ಒಂದು ಷರತ್ತು ಹಾಕಿದ್ದಾರೆ. ಆಹ್ವಾನ ಪತ್ರಿಕೆಯಲ್ಲಾಗಲಿ ಭಾಷಣದಲ್ಲಾಗಲಿ ತಮ್ಮ ಹೆಸರು ಬರಕೂಡದು. ಮನೆಯಲ್ಲಿ ಇನ್ನೂ ಒಬ್ಬ ಮಗಳ ಮದುವೆ ಆಗಬೇಕಿದೆ. ಅಣ್ಣನಿಗೆ ಸ್ಕಿಝೋಫ್ರೇನಿಯಾ ಇದೆ ಎಂದು ಕಿವಿಗೆ ಬಿದ್ದ ಕೂಡಲೇ ತಂಗಿಯ ಜಾತಕ ವಾಪಸು ಬರುವ ಸಮಾಜ ನಮ್ಮದು. ಆದ್ದರಿಂದ ಅವರ ಎಚ್ಚರಿಕೆಯನ್ನು ಯಾರೂ ಅಂಜುಬುರುಕತನ ಎನ್ನಬಾರದು. ಅವರಿಗೆ ಇಲ್ಲಿಂದಲೇ ನನ್ನ ನಮಸ್ಕಾರ.

ನಾನು ವೈದ್ಯೆಯಲ್ಲ. ಮನೋವೈದ್ಯಕೀಯ ಸಮಾಜಕಾರ್ಯ ಓದಿ, ವಾರ್ಡುಗಳಲ್ಲಿ ಕೆಲಸ ಮಾಡಿ, ಆಮೇಲೆ ಅದನ್ನೇ ಬೇರೆಯವರಿಗೆ ಪಾಠ ಹೇಳಿಕೊಂಡು ಬಂದವಳು. ವೈದ್ಯ ವಿದ್ಯಾರ್ಥಿಗಳಿಗೆ, ನರ್ಸಿಂಗ್ ಓದುವವರಿಗೆ, ಆಪ್ತಸಮಾಲೋಚಕರಿಗೆ, ಆಶಾ ಕಾರ್ಯಕರ್ತೆಯರಿಗೆ ಪಾಠ ಮಾಡಿದ್ದೇನೆ. ಇಂದು ಕೇಳಬೇಕೆಂದಿರುವ ಪ್ರಶ್ನೆ ಒಂದೇ. ಮನಸ್ಸಿನ ಕಾಯಿಲೆಯನ್ನು ಕುರಿತು ಪಾಠ ಹೇಳುವ ಜಾಗದಲ್ಲಿ ಆ ಕಾಯಿಲೆಯನ್ನು ಅನುಭವಿಸಿದವರನ್ನೂ ಅವರನ್ನು ವರ್ಷಗಟ್ಟಲೆ ನೋಡಿಕೊಂಡವರನ್ನೂ ನಾವು ಯಾಕೆ ನಿಲ್ಲಿಸಿಲ್ಲ? ವೇಳಾಪಟ್ಟಿಯಲ್ಲಿ ಹೆಸರಿದ್ದು, ಗೌರವಧನ ಪಡೆದು, ಏನು ಕಲಿಸಬೇಕೆಂದು ತಾವೇ ತೀರ್ಮಾನಿಸುವ ಶಿಕ್ಷಕರ ವಿಷಯ ನಾನು ಹೇಳುತ್ತಿರುವುದು.

ರೋಗಿ ಇಲ್ಲದೆ ಮನೋವೈದ್ಯಶಾಸ್ತ್ರದ ಪಾಠ ಎಂದೂ ನಡೆದಿಲ್ಲ. ಪ್ಯಾರಿಸ್ಸಿನ ಸಾಲ್ಪೆಟ್ರಿಯೇರ್ ಆಸ್ಪತ್ರೆಯಲ್ಲಿ 1880ರ ದಶಕದಲ್ಲಿ ಶಾರ್ಕೋ ಎಂಬ ಮಹಾ ನರವೈದ್ಯ ನಡೆಸುತ್ತಿದ್ದ ಪಾಠಗಳನ್ನು ಕೇಳಲು ಯುರೋಪಿನ ನಾನಾ ಕಡೆಯಿಂದ ಜನ ಬರುತ್ತಿದ್ದರು. ಅವನ ಮಂಗಳವಾರದ ಪಾಠಗಳಂತೂ ಪುಸ್ತಕವಾಗಿಯೇ ಅಚ್ಚಾದವು. ಇನ್ನೂ ಯುವಕನಾಗಿದ್ದ ಫ್ರಾಯ್ಡ್ 1885ರ ಕೊನೆಗೆ ವಿಯೆನ್ನಾದಿಂದ ಹೋಗಿ ಕೆಲವು ತಿಂಗಳು ಅಲ್ಲಿದ್ದ. ಅಲ್ಲಿಯ ಒಂದು ಪಾಠವನ್ನು ಆಂದ್ರೆ ಬ್ರೂಯೆ ಎಂಬ ಕಲಾವಿದ 1887ರಲ್ಲಿ ದೊಡ್ಡ ಚಿತ್ರವಾಗಿ ಬರೆದ. ಶಾರ್ಕೋ ನಿಂತು ವಿವರಿಸುತ್ತಿದ್ದಾನೆ. ಪಕ್ಕದಲ್ಲಿ ಒಬ್ಬ ಯುವತಿ ಸಹಾಯಕ ವೈದ್ಯನ ತೋಳಿಗೆ ಒರಗಿ ಹಿಂದಕ್ಕೆ ವಾಲಿದ್ದಾಳೆ. ಎದುರಿಗೆ ಸಾಲುಸಾಲಾಗಿ ಗಂಡಸರು ಕುಳಿತು ನೋಡುತ್ತಿದ್ದಾರೆ. ಆಕೆ ಬ್ಲಾಂಶ್ ವಿಟ್ಮನ್, ಹಿಸ್ಟೀರಿಯಾ ರೋಗಿ. ಈ ಚಿತ್ರದ ಅಚ್ಚಿನ ಪ್ರತಿಯೊಂದನ್ನು ಫ್ರಾಯ್ಡ್ ಮುಂದೆ ತನ್ನ ಸಲಹಾ ಕೊಠಡಿಯಲ್ಲೇ ತೂಗುಹಾಕಿಕೊಂಡಿದ್ದ. ಚಿತ್ರದಲ್ಲಿರುವ ಎಲ್ಲರೂ ಆಕೆಯಿಂದ ಕಲಿಯುತ್ತಿದ್ದಾರೆ. ಆಕೆಯನ್ನು ಮಾತ್ರ ಯಾರೂ ಏನೂ ಕೇಳುತ್ತಿಲ್ಲ.

ನಮ್ಮಲ್ಲಿ ಈಗ ಅಷ್ಟು ಆಡಂಬರ ಇಲ್ಲ. ಆದರೂ ಕೇಸ್ ಪ್ರೆಸೆಂಟೇಷನ್ ಹೇಗೆ ನಡೆಯುತ್ತದೆಂದು, ಅದನ್ನು ನೋಡಿರದವರಿಗಾಗಿ ಹೇಳುತ್ತೇನೆ. ಒಂದು ಕೊಠಡಿ, ಹತ್ತು ಹನ್ನೆರಡು ವಿದ್ಯಾರ್ಥಿಗಳು, ಮುಂದಿನ ಸಾಲಿನಲ್ಲಿ ಪ್ರೊಫೆಸರು. ಸ್ನಾತಕೋತ್ತರ ವಿದ್ಯಾರ್ಥಿಯೊಬ್ಬ ಕೇಸ್ ಶೀಟ್ ಓದುತ್ತಾನೆ. ಆಮೇಲೆ ರೋಗಿಯನ್ನು ಒಳಗೆ ಕರೆಸುತ್ತಾರೆ. ಇವತ್ತು ಯಾವ ವಾರ? ಪ್ರಧಾನ ಮಂತ್ರಿ ಯಾರು? ನೂರರಿಂದ ಏಳು ಕಳೆಯುತ್ತಾ ಹೋಗಿ. ಯಾರೂ ಇಲ್ಲದಾಗ ಕಿವಿಗೆ ದನಿ ಕೇಳಿಸುತ್ತದೆಯಾ? ಮಾತಾಡಿ ಮುಗಿದ ಮೇಲೆ, ಆಯಿತು, ಹೋಗಿ ಬನ್ನಿ ಎನ್ನುತ್ತಾರೆ. ಬಾಗಿಲು ಮುಚ್ಚುತ್ತದೆ. ನಿಜವಾದ ಪಾಠ ಶುರುವಾಗುವುದು ಆಮೇಲೆ. ತನಗೆ ಕಾಯಿಲೆ ಇದೆ ಎಂಬ ಅರಿವು, ಅಂದರೆ ಇನ್‌ಸೈಟ್, ಎಷ್ಟನೇ ದರ್ಜೆ, ಭ್ರಾಂತಿ ಯಾವ ಜಾತಿಯದು, ರೋಗನಿರ್ಣಯ ಏನು, ಮುಂದೆ ಹೇಗೆ ಎಂಬ ಚರ್ಚೆಯೆಲ್ಲ ರೋಗಿ ಹೊರಗೆ ಹೋದ ಮೇಲೆಯೇ. ಹೊರಗಿನ ಬೆಂಚಿನಲ್ಲಿ ತಾಯಿಯೋ ಹೆಂಡತಿಯೋ ಕಾದಿರುತ್ತಾಳೆ. ಒಳಗೆ ಏನು ಕೇಳಿದರು ಎಂದು ಕೇಳಿದರೆ ಅವನು, "ಏಳೇಳು ಕಳೀರಿ ಅಂದ್ರು" ಎನ್ನುತ್ತಾನೆ. ತನ್ನ ಬದುಕಿನ ಬಗ್ಗೆ ಹತ್ತು ಜನ ಮುಕ್ಕಾಲು ಗಂಟೆ ಮಾತಾಡಿದ್ದು ಅವನಿಗೆ ಗೊತ್ತಾಗುವುದೇ ಇಲ್ಲ.

ಈ ಪದ್ಧತಿ ಪೂರ್ತಿ ತಪ್ಪು ಎಂದು ನಾನು ಹೇಳುವುದಿಲ್ಲ. ಲಕ್ಷಣ ಗುರುತಿಸುವುದನ್ನು ಹೀಗೆಯೇ ಕಲಿಯಬೇಕು, ನಾನೂ ಹೀಗೆಯೇ ಕಲಿತೆ. ಆದರೆ ವೈದ್ಯ ಕಲಿಯಬೇಕಾದದ್ದು ಇಷ್ಟೇ ಎಂದುಕೊಂಡರೆ ರೋಗಿ ಬಾಗಿಲಾಚೆ ಹೋದ ಮೇಲೆ ಅವನ ಬದುಕಿಗೆ ಏನಾಗುತ್ತದೆ ಎಂಬುದು ಪಠ್ಯದಲ್ಲಿ ಸೇರುವುದೇ ಇಲ್ಲ. ಡಿಸ್ಚಾರ್ಜ್ ಸಮ್ಮರಿಯ ಕೊನೆಯ ಸಾಲಿಗೆ ಪಾಠ ಮುಗಿಯುತ್ತದೆ. ಆಮೇಲಿನ ಕಥೆಯನ್ನು ಕನ್ನಡಿಗರಿಗೆ ಮನಮುಟ್ಟುವಂತೆ ಹೇಳಿದವರು ಕಾದಂಬರಿಕಾರ್ತಿ ತ್ರಿವೇಣಿ. ಆಸ್ಪತ್ರೆಯಿಂದ ಗುಣವಾಗಿ ಮನೆಗೆ ಬಂದ 'ಶರಪಂಜರ'ದ ಕಾವೇರಿಯನ್ನು ಗಂಡ, ನೆರೆಹೊರೆ, ಅಡುಗೆಮನೆ ಎಲ್ಲವೂ ಹೇಗೆ ಮತ್ತೆ ಕುಸಿಯುವಂತೆ ಮಾಡಿದವು ಎಂಬುದನ್ನು ಅದರ ಸಿನಿಮಾದ ಮೂಲಕ ಅಕ್ಷರ ಬಾರದವರೂ ಅರಿತರು. ನಮ್ಮ ಪಕ್ಕದ ಬೀದಿಯಲ್ಲಿರುವ ಕಾವೇರಿಯರು ಮಾತ್ರ ಇನ್ನೂ ವೈದ್ಯಕೀಯ ಕಾಲೇಜಿನ ತರಗತಿಗೆ ಬಂದು ಮಾತಾಡಿಲ್ಲ.

ಬೇರೆ ಕಡೆ ಅಂಥವರು ಬಂದಿದ್ದಾರೆ. ಅವರಲ್ಲಿ ಒಬ್ಬರ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು.

ಡೊರೊಥಿಯಾ ಬುಕ್ ಜರ್ಮನಿಯ ಪಾದ್ರಿಯೊಬ್ಬರ ಮಗಳು, ಹುಟ್ಟಿದ್ದು 1917ರಲ್ಲಿ. ಶಿಶುವಿಹಾರದ ಶಿಕ್ಷಕಿಯಾಗಬೇಕೆಂಬುದು ಅವರ ಆಸೆ. ಹತ್ತೊಂಬತ್ತರ ವಯಸ್ಸಿನಲ್ಲಿ, 1936ರಲ್ಲಿ, ಮನಸ್ಸು ಕೆಟ್ಟಿತು. ಬೇಥೆಲ್ ಎಂಬಲ್ಲಿಯ ಕ್ರೈಸ್ತ ಸಂಸ್ಥೆಯ ಆಸ್ಪತ್ರೆಗೆ ಸೇರಿಸಿದರು. ಅಲ್ಲಿ ಗೋಡೆಯ ಮೇಲೆ ಬೈಬಲ್ ವಾಕ್ಯ, ಕೆಳಗೆ ಒದ್ದೆ ಬಟ್ಟೆಯಲ್ಲಿ ಬಿಗಿದು ಸುತ್ತುವ ಚಿಕಿತ್ಸೆ, ತಲೆಯ ಮೇಲೆ ತಣ್ಣೀರು. ಅದಕ್ಕಿಂತ ಹೆಚ್ಚಾಗಿ ಅವರನ್ನು ಜೀವಮಾನವಿಡೀ ಕಾಡಿದ್ದು ಇನ್ನೊಂದು. ವೈದ್ಯರಾಗಲಿ ಪಾದ್ರಿಗಳಾಗಲಿ ಅವರ ಜೊತೆ ಕುಳಿತು ಮಾತಾಡಲೇ ಇಲ್ಲ. ನಾಜಿ ಸರ್ಕಾರ 1933ರಲ್ಲಿ ಮಾಡಿದ ಕಾನೂನಿನಡಿ ಅವರಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಬಿಟ್ಟರು. ಏನು ಮಾಡುತ್ತಿದ್ದೇವೆಂದು ಅವರಿಗೆ ಹೇಳಲೂ ಇಲ್ಲ. ಅದು ಎಂಥ ಶಸ್ತ್ರಚಿಕಿತ್ಸೆ ಎಂದು ಅವರಿಗೆ ತಿಳಿದದ್ದು ಇನ್ನೊಬ್ಬ ರೋಗಿಯಿಂದ. ಅಂಥ ಶಸ್ತ್ರಚಿಕಿತ್ಸೆಯಾದ ಹೆಂಗಸು ಶಿಶುವಿಹಾರದ ಶಿಕ್ಷಕಿಯಾಗುವಂತಿರಲಿಲ್ಲ. ಹೀಗೆ ಸಂತಾನಶಕ್ತಿ ಕಳೆದುಕೊಂಡವರು ಆ ದೇಶದಲ್ಲಿ ಸುಮಾರು 4 ಲಕ್ಷ ಮಂದಿ. ಯುದ್ಧ ಶುರುವಾದ ಮೇಲೆ ಇಂಥ ಆಸ್ಪತ್ರೆಗಳಿಂದ ರೋಗಿಗಳನ್ನು ಬಸ್ಸುಗಳಲ್ಲಿ ಒಯ್ದು ಅನಿಲದ ಕೋಣೆಗಳಲ್ಲಿ ಕೊಂದರು. 1940 ಮತ್ತು 41ರಲ್ಲಿ ಹೀಗೆ ಸತ್ತವರೇ 70 ಸಾವಿರಕ್ಕೂ ಹೆಚ್ಚು.

ಬುಕ್ ಬದುಕಿ ಉಳಿದರು. ಶಿಲ್ಪ ಕಲಿತರು, ಹ್ಯಾಂಬರ್ಗಿನಲ್ಲಿ ಕಲಾಶಿಕ್ಷಕಿಯಾದರು. ಕಾಯಿಲೆ ಹಲವು ಸಲ ಮರುಕಳಿಸಿತು, 1959ರ ನಂತರ ಬರಲಿಲ್ಲ. ಮುಂದೆ ಅವರು ಮತ್ತೆಮತ್ತೆ ಹೇಳಿದ ಮಾತಿನ ತಾತ್ಪರ್ಯ ಇದು: ರೋಗಿಯ ಜೊತೆ ಮಾತೇ ಆಡದ ವೈದ್ಯಶಾಸ್ತ್ರವೊಂದು ಇದ್ದುದರಿಂದಲೇ ಆ ಕೊಲೆಗಳು ಸಾಧ್ಯವಾದವು. ಮಾತಾಡಿ ಪರಿಚಯವಾದ ಮನುಷ್ಯನನ್ನು ಪಟ್ಟಿಯ ಸಂಖ್ಯೆಯಾಗಿ ನೋಡುವುದು ಸುಲಭವಲ್ಲ.

1989ರಲ್ಲಿ, ಎಪ್ಪತ್ತು ದಾಟಿದ್ದ ಈ ಹೆಂಗಸು ಥಾಮಸ್ ಬಾಕ್ ಎಂಬ ಮನಶ್ಶಾಸ್ತ್ರಜ್ಞರ ಜೊತೆ ಸೇರಿ ಹ್ಯಾಂಬರ್ಗಿನ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ 'ಸೈಕೋಸಿಸ್ ಸೆಮಿನಾರ್' ಆರಂಭಿಸಿದರು. ಅಲ್ಲಿ ಮೂರು ಬಗೆಯ ಜನ ಸೇರುತ್ತಾರೆ. ಕಾಯಿಲೆ ಅನುಭವಿಸಿದವರು, ಅವರ ಮನೆಯವರು, ಮತ್ತು ವೃತ್ತಿಯವರು ಹಾಗೂ ಆ ವೃತ್ತಿಯನ್ನು ಕಲಿಯುತ್ತಿರುವವರು. ಚಿಕಿತ್ಸೆ ನಡೆಯುವುದಿಲ್ಲ, ಕೇಸ್ ಶೀಟ್ ಇರುವುದಿಲ್ಲ. ಒಂದು ವಿಷಯ ಎತ್ತಿಕೊಳ್ಳುತ್ತಾರೆ. ಭಯ ಇರಬಹುದು, ಔಷಧಿ ಇರಬಹುದು, ಬಲವಂತದ ದಾಖಲಾತಿ ಇರಬಹುದು. ಮೂರೂ ಕಡೆಯವರು ತಮಗೆ ಗೊತ್ತಿದ್ದದ್ದನ್ನು ಹೇಳುತ್ತಾರೆ, ಮೂರೂ ಕಡೆಯವರು ಕೇಳಿಸಿಕೊಳ್ಳುತ್ತಾರೆ. ಇಂಥ ಕೂಟಗಳಲ್ಲಿ ಬಹಳ ಮಂದಿ ಕಂಡುಕೊಂಡ ಒಂದು ಸಂಗತಿ ನನಗೆ ಮುಖ್ಯವೆನಿಸುತ್ತದೆ. ಸ್ವಂತ ತಾಯಿ ಹೇಳಿದರೆ ಸಿಟ್ಟು ಬರುವ ಮಾತನ್ನೇ ಬೇರೊಬ್ಬರ ತಾಯಿ ಹೇಳಿದರೆ ಮಗ ಕೇಳಿಸಿಕೊಳ್ಳುತ್ತಾನೆ. ಸ್ವಂತ ರೋಗಿ ಹೇಳಿದಾಗ ಕಾಯಿಲೆಯ ಲಕ್ಷಣವೆಂದು ತೋರಿದ ದೂರು, ಬೇರೆ ಊರಿನ ರೋಗಿಯ ಬಾಯಿಂದ ಬಂದಾಗ ವೈದ್ಯನಿಗೆ ದೂರಾಗಿಯೇ ಕೇಳಿಸುತ್ತದೆ. ಈ ಸೆಮಿನಾರು ಜರ್ಮನ್ ಮಾತಾಡುವ ಅನೇಕ ಊರುಗಳಿಗೆ ಹಬ್ಬಿತು. 2005ರಿಂದ 2007ರವರೆಗೆ ಯುರೋಪಿನ ಹಲವು ದೇಶಗಳು ಸೇರಿ, ಕಾಯಿಲೆಯ ಅನುಭವ ಇರುವವರನ್ನೇ ಬೋಧಕರಾಗಿ, ಜೊತೆಗಾರರಾಗಿ ತರಬೇತುಗೊಳಿಸುವ ಎಕ್ಸ್-ಇನ್ ಎಂಬ ಕೋರ್ಸನ್ನು ರೂಪಿಸಿದವು. ಬುಕ್ 2019ರಲ್ಲಿ, 102ನೆಯ ವಯಸ್ಸಿನಲ್ಲಿ ತೀರಿಕೊಂಡರು. ಶಿಶುವಿಹಾರದಲ್ಲಿ ಪಾಠ ಹೇಳಲು ಯೋಗ್ಯಳಲ್ಲ ಎನಿಸಿಕೊಂಡವರು ಕೊನೆಗೆ ವೈದ್ಯರಿಗೇ ಪಾಠ ಹೇಳಿದರು.

ರೋಗಿಯಿಂದ ಕಲಿಯುವಂಥದ್ದು ಏನಿದೆ, ಸಹಾನುಭೂತಿ ತಾನೇ, ಅದನ್ನು ಒಳ್ಳೆಯ ಪ್ರೊಫೆಸರೂ ಕಲಿಸಬಹುದಲ್ಲ ಎಂದು ನನ್ನನ್ನು ಕೇಳಿದವರಿದ್ದಾರೆ. ಸಹಾನುಭೂತಿಯನ್ನು ಪಕ್ಕಕ್ಕಿಡೋಣ. ಶುದ್ಧ ವೈದ್ಯಕೀಯ ಜ್ಞಾನದ ಒಂದು ಉದಾಹರಣೆ ಕೊಡುತ್ತೇನೆ. ಭ್ರಾಂತಿಯನ್ನು ತಗ್ಗಿಸುವ ಕೆಲವು ಔಷಧಿಗಳಿಂದ ಆಕಥೀಸಿಯಾ ಎಂಬ ಅಡ್ಡಪರಿಣಾಮ ಬರುತ್ತದೆ. ಒಂದು ಕಡೆ ಕೂತಿರಲಾಗದ ಚಡಪಡಿಕೆ. ಹೊರಗಿನಿಂದ ನೋಡಿದರೆ ರೋಗಿಯ ಉದ್ವೇಗ ಹೆಚ್ಚಾದಂತೆಯೇ ಕಾಣುತ್ತದೆ. ಅನುಭವ ಸಾಲದ ಕಿರಿಯ ವೈದ್ಯ ಅದನ್ನು ಕಾಯಿಲೆ ಉಲ್ಬಣಿಸಿದೆ ಎಂದುಕೊಂಡು ಅದೇ ಔಷಧಿಯ ಡೋಸು ಏರಿಸುತ್ತಾನೆ. ಚಡಪಡಿಕೆ ಇನ್ನಷ್ಟು ಹೆಚ್ಚುತ್ತದೆ. ಇದು ಪಠ್ಯಪುಸ್ತಕದಲ್ಲೇ ಇರುವ ಎಚ್ಚರಿಕೆ, ಎಲ್ಲರೂ ಓದಿರುತ್ತಾರೆ.

ನನ್ನ ತರಗತಿಗೆ ಬಂದಿದ್ದ ಒಬ್ಬ ಎಲೆಕ್ಟ್ರಿಷಿಯನ್ ಇದನ್ನು ಹೀಗೆ ಹೇಳಿದ. "ಕೂತ್ರೆ ಏಳ್ಬೇಕು ಅನ್ಸುತ್ತೆ. ಎದ್ರೆ ನಡೀಬೇಕು. ನಡೆದ್ರೂ ಸಮಾಧಾನ ಇಲ್ಲ. ಮನಸ್ಸಲ್ಲಿ ಭಯ ಏನೂ ಇರ್ಲಿಲ್ಲ ಸರ್, ಕಾಲಲ್ಲಿತ್ತು. ನಮ್ಮೂರಿಂದ ಬಸ್ಸಲ್ಲಿ ಒಂದು ಗಂಟೆ ಕೂರಕ್ಕಾಗ್ದೆ ಅರ್ಧ ದಾರೀಲಿ ಇಳಿದು ನಡ್ಕೊಂಡು ಬಂದೆ. ಇಲ್ಲಿ ನೋಡಿದವ್ರು ಟೆನ್ಷನ್ ಜಾಸ್ತಿಯಾಗಿದೆ ಅಂತ ಬರೆದ್ರು." ಆಮೇಲೆ ಅವನೇ ವಿದ್ಯಾರ್ಥಿಗಳಿಗೆ ಒಂದು ಪ್ರಶ್ನೆ ಹೇಳಿಕೊಟ್ಟ. ಟೆನ್ಷನ್ ಇದೆಯಾ ಎಂದು ಕೇಳಬೇಡಿ, ಎಲ್ಲರೂ ಹೌದು ಎನ್ನುತ್ತಾರೆ. ಚಡಪಡಿಕೆ ತಲೆಯಲ್ಲಿದೆಯಾ, ಕಾಲಿನಲ್ಲಿದೆಯಾ ಎಂದು ಕೇಳಿ. ಈ ಒಂದು ಪ್ರಶ್ನೆಯಿಂದಲೇ ರೋಗ ನಿರ್ಣಯವಾಗುತ್ತದೆ ಎಂದು ನಾನು ಹೇಳುವುದಿಲ್ಲ. ಆದರೆ ಆ ಬ್ಯಾಚಿನವರು ಎಂದೂ ಮರೆಯಲಾರದ ಪ್ರಶ್ನೆ ಅದು. ಅಷ್ಟು ಸರಳವಾದ ಕನ್ನಡದಲ್ಲಿ, ಅಷ್ಟು ನಿಖರವಾಗಿ ಅದನ್ನು ಹೇಳಬೇಕಾದರೆ ಆ ಬಸ್ಸಿನಲ್ಲಿ ಕೂತು ಇಳಿದಿರಬೇಕು.

ಇನ್ನು ಮನೆಯವರ ವಿಷಯ. ಮನೋವೈದ್ಯಶಾಸ್ತ್ರದ ತರಗತಿಯಲ್ಲಿ ಅವರು ಬಹಳ ಕಾಲ ಇದ್ದದ್ದು ಆರೋಪಿಗಳಾಗಿ. 1948ರಲ್ಲಿ ಫ್ರೀಡಾ ಫ್ರಾಮ್-ರೈಕ್‌ಮನ್ ಎಂಬ ಹೆಸರಾಂತ ಮನೋವಿಶ್ಲೇಷಕಿ, ಮಕ್ಕಳಲ್ಲಿ ಸ್ಕಿಝೋಫ್ರೇನಿಯಾ ಹುಟ್ಟಿಸುವ ತಾಯಿ ಎಂಬ ಕಲ್ಪನೆಯನ್ನು ಬರವಣಿಗೆಗೆ ತಂದರು. ಅದಕ್ಕೆ ಆಧಾರವಿಲ್ಲ ಎಂಬುದು ಸ್ಪಷ್ಟವಾಗುವ ಹೊತ್ತಿಗೆ ದಶಕಗಳು ಕಳೆದಿದ್ದವು. ಆ ಹೊತ್ತಿಗೆ ಎಷ್ಟೋ ತಾಯಂದಿರು, ತಾವೇ ಮಗನ ತಲೆ ಕೆಡಿಸಿದೆವು ಎಂದು ನಂಬಿ ಸತ್ತೂಹೋಗಿದ್ದರು. ಲಂಡನ್ನಿನಲ್ಲಿ ಜಾರ್ಜ್ ಬ್ರೌನ್ ಮತ್ತು ಸಂಗಡಿಗರು ನಡೆಸಿದ ಸಂಶೋಧನೆ ಅದಕ್ಕಿಂತ ಎಷ್ಟೋ ಮೇಲು. ಮನೆಯವರು ರೋಗಿಯ ಬಗ್ಗೆ ಎಷ್ಟು ಟೀಕೆ ಮಾಡುತ್ತಾರೆ, ಎಷ್ಟು ಹಗೆತನ ತೋರುತ್ತಾರೆ, ಎಷ್ಟು ಅತಿಯಾಗಿ ಮೈಮೇಲೆ ಹಾಕಿಕೊಳ್ಳುತ್ತಾರೆ ಎಂಬುದನ್ನು ಅವರು ಅಳೆದರು. ಅಂಥ ವಾತಾವರಣ ಇದ್ದಲ್ಲಿ ಕಾಯಿಲೆ ಮರುಕಳಿಸುವುದು ಹೆಚ್ಚು ಎಂದು ಕಂಡಿತು. ಇದೇ ಅಳತೆಯನ್ನು ಚಂಡೀಗಢದ ಕುಟುಂಬಗಳಲ್ಲಿ ಹಿಡಿದು ನೋಡಿದಾಗ ಅಲ್ಲಿ ಲಂಡನ್ನಿಗಿಂತ ಕಡಿಮೆ ಟೀಕೆ ಇತ್ತು ಎಂಬ ವರದಿ 1987ರಲ್ಲಿ ಬಂತು. ನಮ್ಮ ವಿದ್ಯಾರ್ಥಿಗಳು ಇದನ್ನೆಲ್ಲ ಪರೀಕ್ಷೆಗೆ ಬಾಯಿಪಾಠ ಮಾಡುತ್ತಾರೆ. ಮುಂದೆ ಇದೇ ಅಳತೆಯನ್ನು ಆಸ್ಪತ್ರೆ, ವಸತಿ ಕೇಂದ್ರಗಳ ಸಿಬ್ಬಂದಿಗೂ ಹಿಡಿದು ನೋಡಿದಾಗ ಅವರಲ್ಲೂ ಅದೇ ಟೀಕೆ, ಅದೇ ಬೇಸರ ಸಿಕ್ಕಿತು ಎಂಬುದನ್ನು ಮಾತ್ರ ಹೆಚ್ಚಿನವರು ಓದಿರುವುದಿಲ್ಲ.

ಭಾರತಕ್ಕೆ ಇಲ್ಲಿ ಬೇರೆಯೇ ಒಂದು ಚರಿತ್ರೆ ಇದೆ, ಹೆಮ್ಮೆಪಡಬೇಕಾದದ್ದು. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯ ಡಾ. ವಿದ್ಯಾಸಾಗರ್ ಆವರಣದಲ್ಲಿ ಡೇರೆಗಳನ್ನು ಹಾಕಿಸಿ ರೋಗಿಗಳ ಜೊತೆ ಮನೆಯವರನ್ನೂ ಉಳಿಸಿಕೊಂಡರು. ಪಶ್ಚಿಮದಲ್ಲಿ ಮನೆಯವರನ್ನು ಗೇಟಿನಾಚೆಗೆ ನಿಲ್ಲಿಸಿದ್ದ ಕಾಲ ಅದು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಮಾನಸಿಕ ಆರೋಗ್ಯ ಕೇಂದ್ರವೂ ಇದೇ ಹಾದಿ ಹಿಡಿಯಿತು. ಬೆಂಗಳೂರಿನ ನಿಮ್ಹಾನ್ಸ್ ಕುಟುಂಬಗಳಿಗೆಂದೇ ಪ್ರತ್ಯೇಕ ಕೇಂದ್ರ ತೆರೆಯಿತು. ಮಂಗಳೂರಿನಲ್ಲಿ ಹುಟ್ಟಿದ ಡಾ. ಶಾರದಾ ಮೆನನ್ 1984ರಲ್ಲಿ ಚೆನ್ನೈಯಲ್ಲಿ ಸ್ಕಾರ್ಫ್ ಎಂಬ ಸ್ಕಿಝೋಫ್ರೇನಿಯಾ ಸಂಶೋಧನಾ ಸಂಸ್ಥೆಯನ್ನು ಕಟ್ಟಿದರು, ಅಲ್ಲಿ ಮುಂದೆ ಕುಟುಂಬದವರದೇ ಸಂಘಟನೆ ಬೆಳೆಯಿತು. ಇವತ್ತಿಗೂ ನಮ್ಮ ಯಾವ ವಾರ್ಡಿಗೆ ಹೋದರೂ, ಪೇಷೆಂಟ್ ಕಡೆಯವರು ಯಾರ್ರೀ ಎಂದು ನರ್ಸು ಕೂಗಿದರೆ ಒಬ್ಬರಾದರೂ ಎದ್ದು ಬರುತ್ತಾರೆ. ಔಷಧಿ ತರುವವರು ಅವರು, ಸ್ನಾನ ಮಾಡಿಸುವವರು ಅವರು, ರಾತ್ರಿ ಮಂಚದ ಕೆಳಗೆ ಚಾಪೆ ಹಾಸಿ ಮಲಗುವವರು ಅವರು. ಆರೈಕೆಗೆ ಅವರನ್ನು ಇಷ್ಟು ಮುಂಚೆ ಒಳಗೆ ಕರೆದ ನಾವು, ಪಾಠಕ್ಕೆ ಮಾತ್ರ ಇನ್ನೂ ಕರೆದಿಲ್ಲ.

ಕೆಲವು ಸಲ ನಾನೇ ಕರೆದು, ಏನಾಗುತ್ತದೆಂದು ನೋಡಿದ್ದೇನೆ. ತುಮಕೂರು ಕಡೆಯ ಒಬ್ಬ ತಾಯಿ, ಅಡಿಕೆ ಸುಲಿಯುವ ಕೂಲಿ ಮಾಡುವವರು. ಕುರ್ಚಿಯಲ್ಲಿ ಕೂರಲು ಒಪ್ಪದೆ ಸ್ವಲ್ಪ ಹೊತ್ತು ನಿಂತೇ ಇದ್ದರು. ಕೊನೆಗೆ ಕೂತು, ಸೆರಗಿನ ಗಂಟಿನಿಂದ ಮಡಿಸಿದ ಔಷಧಿ ಚೀಟಿ ತೆಗೆದು ಮೇಜಿನ ಮೇಲೆ ಬಿಡಿಸಿಟ್ಟರು. ಮಡಿಕೆಗಳಲ್ಲಿ ಹರಿದು ಅದು ನಾಲ್ಕು ತುಂಡಾಗಿತ್ತು. "ಇದ್ರಲ್ಲಿ ರಾತ್ರಿ ಊಟ ಆದ್ಮೇಲೆ ಅಂತ ಬರ್ದವ್ರೆ ಅಂತ ನಮ್ ಹುಡ್ಗಿ ಓದಿ ಹೇಳ್ದ್ಲು. ಅವ್ನು ರಾತ್ರಿ ಉಣ್ಣಾದೇ ಇಲ್ಲ ಕಣಪ್ಪ. ಕತ್ಲಾದ್ಮೇಲೆ ಮನೇಲಿ ಇರಾದೇ ಇಲ್ಲ. ಯಾವಾಗ ಕೊಡ್ಲಿ ಹೇಳಿ?" ತರಗತಿ ಸುಮ್ಮನಾಯಿತು. ಮುಂದೆ ಅವರು ಹೇಳಿದ್ದು ಇನ್ನೂ ಕಷ್ಟದ ವಿಷಯ. ಮಗ ಮಾತ್ರೆ ಬೇಡವೆಂದಾಗ ಪುಡಿ ಮಾಡಿ ಸಾರಿಗೆ ಹಾಕಿದ್ದರು. ಒಂದು ದಿನ ಅವನಿಗೆ ಗೊತ್ತಾಯಿತು. ಆಮೇಲೆ ತಾಯಿ ಬಡಿಸಿದ್ದನ್ನು ಅವನು ಮುಟ್ಟಲೇ ಇಲ್ಲ. ಮನೆಯವರು ವಿಷ ಹಾಕುತ್ತಿದ್ದಾರೆ ಎಂಬ ಸಂಶಯವೇ ಅವನ ಕಾಯಿಲೆಯ ಮುಖ್ಯ ಲಕ್ಷಣವಾಗಿತ್ತು.

ವಿದ್ಯಾರ್ಥಿಯೊಬ್ಬ, ಹಾಗೆ ಮಾಡಬಾರದಿತ್ತು ಅಮ್ಮ, ಅದು ರೋಗಿಯ ಹಕ್ಕಿನ ಉಲ್ಲಂಘನೆ ಎಂದ. ಆಕೆ ಸಿಟ್ಟಾಗಲಿಲ್ಲ. "ಸರಿ ಮಗ, ನೀನೇ ಹೇಳು, ನಾನೇನ್ ಮಾಡ್ಬೇಕಿತ್ತು? ಅವತ್ತು ನಿನ್ ನಂಬರ್ ನನ್ನತ್ರ ಇತ್ತಾ?" ಎಂದರು. ಅಲ್ಲಿಂದ ಮುಂದೆ ನಡೆದ ಚರ್ಚೆಯನ್ನು ನಾನು ಯಾವ ಪಠ್ಯಪುಸ್ತಕದಿಂದಲೂ ಹುಟ್ಟಿಸಲಾರೆ. ರೋಗಿಯ ಸಮ್ಮತಿ, ಮನೆಯವರ ಅಸಹಾಯಕತೆ, ತಿಂಗಳಿಗೊಮ್ಮೆ ಕೊಡುವ ಇಂಜೆಕ್ಷನ್ನು, ಕಾಯಿಲೆ ಕೆರಳಿದ ರಾತ್ರಿ ಫೋನ್ ಮಾಡಲು ಒಂದು ನಂಬರು, ಎಲ್ಲವೂ ಬಂದವು. ಮನೆಯವರಿಗೆ ಕರೆ ಮಾಡಲು ಈಗ 2022ರಿಂದ 14416 ಎಂಬ ಟೆಲಿಮನಸ್ ಸಹಾಯವಾಣಿ ಇದೆ. ಅದರಲ್ಲಿ ಫೋನೆತ್ತುವ ಆಪ್ತಸಮಾಲೋಚಕರ ತರಬೇತಿಗೆ ಇಂಥ ತಾಯಂದಿರನ್ನು ಕರೆಯಬೇಕೆಂದು ನನ್ನ ಆಸೆ.

ಇಂಗ್ಲೆಂಡಿನಲ್ಲಿ ಇದು ಒಳ್ಳೆಯ ಮೇಷ್ಟ್ರ ಮರ್ಜಿಗೆ ಬಿಟ್ಟ ವಿಷಯವಾಗಿ ಉಳಿದಿಲ್ಲ. 2003ರಲ್ಲಿ ಅಲ್ಲಿಯ ಸಮಾಜಕಾರ್ಯದ ಪದವಿಯನ್ನು ಹೊಸದಾಗಿ ರೂಪಿಸಿದಾಗ ಸೇವೆ ಪಡೆಯುವವರೂ ಆರೈಕೆ ಮಾಡುವವರೂ ಬೋಧನೆಯಲ್ಲಿ ಭಾಗವಹಿಸಲೇಬೇಕೆಂದು ವಿಧಿಸಿದರು. 2005ರಲ್ಲಿ ರಾಯಲ್ ಕಾಲೇಜ್ ಆಫ್ ಸೈಕಿಯಾಟ್ರಿಸ್ಟ್ಸ್ ಮನೋವೈದ್ಯರಾಗಲು ತರಬೇತಿ ಪಡೆಯುವ ಪ್ರತಿಯೊಬ್ಬರಿಗೂ ಇಂಥವರಿಂದ ಪಾಠ ಆಗಲೇಬೇಕೆಂಬ ನಿಯಮ ತಂದಿತು. ಆಗ ಆ ಕಾಲೇಜಿನ ಅಧ್ಯಕ್ಷರಾಗಿದ್ದ ಮೈಕ್ ಶೂಟರ್ ತಮಗೆ ಖಿನ್ನತೆ ಇದ್ದದ್ದನ್ನು ಬಹಿರಂಗವಾಗಿ ಹೇಳಿಕೊಂಡವರು. ನರ್ಸಿಂಗ್ ಶಿಕ್ಷಣದಲ್ಲಿ ವಿದ್ಯಾರ್ಥಿಗಳ ಆಯ್ಕೆಯ ಸಂದರ್ಶನದಲ್ಲೂ ಅಂಥವರನ್ನು ಕೂರಿಸುತ್ತಾರೆ. ನಿಯಮ ಬಂದ ಮಾತ್ರಕ್ಕೆ ಎಲ್ಲ ಕಡೆ ಚೆನ್ನಾಗಿ ನಡೆಯಿತೆಂದಲ್ಲ. ವರ್ಷಕ್ಕೊಮ್ಮೆ ಒಬ್ಬರನ್ನು ಕರೆಸಿ, ಕಣ್ಣೀರು ತರಿಸುವ ಕಥೆ ಹೇಳಿಸಿ, ಚಪ್ಪಾಳೆ ತಟ್ಟಿ ಕಳಿಸಿದರೆ ಅದು ಶಾರ್ಕೋನ ಪಾಠದ ಇನ್ನೊಂದು ರೂಪ ಅಷ್ಟೆ.

ಕಷ್ಟಗಳು ಇವೆ. ಅವುಗಳಲ್ಲಿ ದೊಡ್ಡದೆಂದು ನನಗೆ ತೋರುವುದು, ರೋಗಿ ಮತ್ತು ಮನೆಯವರು ಒಂದೇ ಪಕ್ಷವಲ್ಲ ಎಂಬುದು. ನಮ್ಮಲ್ಲಿ ಇಬ್ಬರನ್ನೂ ಸೇರಿಸಿ ಮಾತಾಡುವ ಅಭ್ಯಾಸ ಬೇರೂರಿದೆ. ರೋಗಿಯನ್ನು ಕೇಳಬೇಕಾದದ್ದನ್ನು ಅಣ್ಣನನ್ನು ಕೇಳುತ್ತೇವೆ. ಕೂಡಿಹಾಕಿದವನು, ಹೊಡೆದವನು, ಆಸ್ತಿ ಬರೆಸಿಕೊಂಡವನು ಅದೇ ಅಣ್ಣ ಆಗಿರಬಹುದು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಇದನ್ನು ಅರ್ಥ ಮಾಡಿಕೊಂಡಿದೆ. ತನ್ನ ಪರವಾಗಿ ಮಾತಾಡುವವರು ಯಾರೆಂದು ರೋಗಿಯೇ ನಾಮನಿರ್ದೇಶನ ಮಾಡಬಹುದು, ಅದು ರಕ್ತಸಂಬಂಧಿಯೇ ಆಗಬೇಕಿಲ್ಲ. ಮುಂದೆ ಕಾಯಿಲೆ ಕೆರಳಿದರೆ ತನಗೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ಮೊದಲೇ ಬರೆದಿಡಬಹುದು. ತನ್ನ ವೈದ್ಯಕೀಯ ದಾಖಲೆಯನ್ನು ನೋಡುವ ಹಕ್ಕು ಅವನಿಗಿದೆ. ತರಗತಿಯಲ್ಲೂ ಇವರಿಬ್ಬರನ್ನು ಬೇರೆಬೇರೆ ಶಿಕ್ಷಕರಾಗಿ, ಸಾಧ್ಯವಾದರೆ ಬೇರೆಬೇರೆ ಕುಟುಂಬಗಳಿಂದ ಕರೆಯಬೇಕು.

ಎರಡನೆಯದು ಗುಟ್ಟು. ಬೆಂಗಳೂರಿನಲ್ಲಿ ಹತ್ತು ವಿದ್ಯಾರ್ಥಿಗಳ ಮುಂದೆ ಮಾತಾಡಿದರೆ ಅದು ಅಲ್ಲಿಗೇ ನಿಲ್ಲಬಹುದು. ಜಿಲ್ಲಾ ಕೇಂದ್ರದಲ್ಲಿ ಆ ಹತ್ತರಲ್ಲಿ ಒಬ್ಬಳು ನಿಮ್ಮ ಬೀಗರ ಮಗಳಾಗಿರುತ್ತಾಳೆ. ಆದ್ದರಿಂದ ಬೇರೆ ಜಿಲ್ಲೆಯವರನ್ನು ಕರೆಯಬೇಕು, ಫೋನುಗಳನ್ನು ಹೊರಗಿಡಿಸಬೇಕು, ಏನನ್ನು ಹೇಳುವುದಿಲ್ಲ ಎಂಬುದನ್ನು ಶಿಕ್ಷಕರೇ ಮೊದಲು ತೀರ್ಮಾನಿಸಿಕೊಂಡು ಬರಬೇಕು. ಪಾಠ ಮುಗಿದ ಮೇಲೆ ಅವರ ಜೊತೆ ಕೂತು ಕಾಫಿ ಕುಡಿದು, ಮನಸ್ಸು ಹೇಗಿದೆಯೆಂದು ಕೇಳಿ, ಮಾರನೆಯ ದಿನ ಫೋನ್ ಮಾಡುವ ಒಬ್ಬರು ಇರಲೇಬೇಕು. ಹಳೆಯದನ್ನು ಮತ್ತೆಮತ್ತೆ ಹೇಳುವುದು ಮೈಮನಸ್ಸನ್ನು ಹಿಂಡುತ್ತದೆ.

ಚೆನ್ನಾಗಿ ಮಾತಾಡುವವರನ್ನು, ಇಂಗ್ಲಿಷ್ ಬಲ್ಲವರನ್ನು, ಪೂರ್ತಿ ಗುಣವಾದವರನ್ನು ಮಾತ್ರ ಆರಿಸುವ ಚಪಲವೂ ಇದೆ. ವೈದ್ಯರ ಮೇಲೆ ಸಿಟ್ಟಿರುವವರನ್ನು ಯಾರೂ ಕರೆಯುವುದಿಲ್ಲ. ನನ್ನನ್ನು ಕೇಳಿದರೆ ಮೊದಲು ಕರೆಯಬೇಕಾದವರು ಅವರೇ. ಕೈಕಾಲು ಕಟ್ಟಿಸಿಕೊಂಡ ಅನುಭವವನ್ನು ಸಿಟ್ಟಿಲ್ಲದೆ ಹೇಳಿ ಎಂದು ಕೇಳುವ ಅಧಿಕಾರ ನಮಗಿಲ್ಲ.

ಹಣದ ವಿಷಯ ಸಣ್ಣದೆಂದು ತಿಳಿಯಬೇಡಿ. ಒಂದು ಕಡೆ ನಾನು ಹೀಗೆ ಕರೆದಿದ್ದವರ ಗೌರವಧನದ ಬಿಲ್ಲನ್ನು ಲೆಕ್ಕಪತ್ರ ಶಾಖೆಯವರು ಆಕ್ಷೇಪಣೆ ಬರೆದು ವಾಪಸು ಕಳಿಸಿದರು. ಅತಿಥಿ ಉಪನ್ಯಾಸಕರ ನಮೂನೆಯಲ್ಲಿ ವಿದ್ಯಾರ್ಹತೆಯ ಕಲಂ ಖಾಲಿ ಇತ್ತು. ಮರು ಸಲ್ಲಿಸುವಾಗ ಅಲ್ಲಿ ಹದಿನಾಲ್ಕು ವರ್ಷಗಳ ಅನುಭವ ಎಂದು ಬರೆದೆ. ಅದೂ ನಡೆಯಲಿಲ್ಲ. ದಿನಗೂಲಿ ಬಿಟ್ಟು, ಬಸ್ಸು ಹತ್ತಿ, ಎರಡು ಗಂಟೆ ಪಾಠ ಮಾಡಿದವರಿಗೆ ಪ್ರೊಫೆಸರರ ಉಪನ್ಯಾಸಕ್ಕೆ ಕೊಡುವಷ್ಟೇ ಕೊಡಬೇಕು. ಈ ಒಂದು ಕಲಂ ತಿದ್ದಲು ವಿಶ್ವವಿದ್ಯಾಲಯದ ಒಂದು ಸುತ್ತೋಲೆ ಸಾಕು.

ಕರ್ನಾಟಕದಲ್ಲಿ ಇದಕ್ಕೆ ನೆಲ ಹದವಾಗಿದೆ ಎಂದು ನಾನು ನಂಬಿದ್ದೇನೆ. 1985ರಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಿಮ್ಹಾನ್ಸಿನವರು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟು ಮಾನಸಿಕ ಚಿಕಿತ್ಸೆಯನ್ನು ಹಳ್ಳಿಗೆ ಒಯ್ದರು. ಆ ಮಾದರಿಯ ಮೇಲೆಯೇ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ದೇಶದಲ್ಲಿ ಶುರುವಾಯಿತು. ನಮ್ಮ ರಾಜ್ಯದ ಮನೋಚೈತನ್ಯ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುತ್ತಾರೆ. ಶಾರ್ಕೋ ಪಾಠ ಮಾಡುತ್ತಿದ್ದ ವಾರವೂ ಅದೇ. ಆ ಮಂಗಳವಾರಗಳಂದು ವರಾಂಡದಲ್ಲಿ ಸಾಲುಗಟ್ಟಿ ಕೂತಿರುವವರಲ್ಲಿ ಎಷ್ಟು ಜನ ಶಿಕ್ಷಕರಿರಬಹುದು ಯೋಚಿಸಿ. 2015-16ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ನಮ್ಮ ವಯಸ್ಕರಲ್ಲಿ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಮಂದಿಗೆ ಚಿಕಿತ್ಸೆ ಬೇಕಾದ ಮಾನಸಿಕ ತೊಂದರೆ ಇದೆ, ಅವರಲ್ಲಿ ಬಹುಪಾಲು ಜನರಿಗೆ ಚಿಕಿತ್ಸೆ ಸಿಕ್ಕಿಲ್ಲ. ಇವರನ್ನು ಮೊದಲು ನೋಡುವವರು ಮನೋವೈದ್ಯರಲ್ಲ, ಸಾಮಾನ್ಯ ಎಂಬಿಬಿಎಸ್ ವೈದ್ಯರು. ಅವರಿಗೋ ಮನೋವೈದ್ಯಶಾಸ್ತ್ರದಲ್ಲಿ ಪ್ರತ್ಯೇಕ ಪರೀಕ್ಷೆಯೇ ಇಲ್ಲ. ಆ ವಿಭಾಗದಲ್ಲಿ ಅವರು ಕಳೆಯುವುದು ಕೆಲವೇ ವಾರ.

ಆಗಲೇ ಹೇಳಿದ 2017ರ ಕಾಯ್ದೆಯ ಪ್ರಕಾರ ಜಿಲ್ಲೆಗಳ ಮಾನಸಿಕ ಆರೋಗ್ಯ ಪುನರ್ವಿಮರ್ಶಾ ಮಂಡಳಿಯಲ್ಲಿ ರೋಗಿಗಳು, ಆರೈಕೆ ಮಾಡುವವರು ಅಥವಾ ಅವರ ಸಂಘಟನೆಗಳ ಪ್ರತಿನಿಧಿಗಳಿಗೆಂದು ಎರಡು ಸ್ಥಾನಗಳಿವೆ. ನ್ಯಾಯಾಧೀಶರ ಪಕ್ಕದಲ್ಲಿ ಕೂತು ಒಬ್ಬರ ಬಿಡುಗಡೆಯನ್ನು ತೀರ್ಮಾನಿಸಲು ಯೋಗ್ಯರೆಂದು ಸಂಸತ್ತೇ ಒಪ್ಪಿದವರು ಎರಡನೆಯ ವರ್ಷದ ವಿದ್ಯಾರ್ಥಿಗಳಿಗೆ ಪಾಠ ಹೇಳಲು ಯೋಗ್ಯರಲ್ಲವೇ? 2019ರಿಂದ ವೈದ್ಯಕೀಯ ಪಠ್ಯಕ್ರಮದಲ್ಲಿ ಮನೋಭಾವ, ನೀತಿ, ಸಂವಹನಕ್ಕೆಂದೇ ಗಂಟೆಗಳನ್ನು ಮೀಸಲಿಟ್ಟಿದ್ದಾರೆ. ಹೊಸ ಗಂಟೆ ಹುಡುಕಬೇಕಿಲ್ಲ, ಇರುವ ಗಂಟೆಗೆ ಸರಿಯಾದ ಶಿಕ್ಷಕರನ್ನು ಕರೆಯಬೇಕು. ಪಾಠ ಕನ್ನಡದಲ್ಲೇ ನಡೆಯಲಿ. ಕೇರಳದಿಂದ, ರಾಜಸ್ಥಾನದಿಂದ ಬಂದ ವಿದ್ಯಾರ್ಥಿಗಳು ಹೇಗೂ ಇಲ್ಲಿಯ ಓಪಿಡಿಯಲ್ಲಿ ಕನ್ನಡ ಕಲಿಯಲೇಬೇಕು. ಕಾಲಿನಲ್ಲಿರುವ ಭಯವನ್ನು ರೋಗಿ ಹೇಳುವ ಮಾತಿನಲ್ಲೇ ಕಲಿತರೆ ಅವರಿಗೇ ಒಳ್ಳೆಯದು.

ನಾನು ಕೇಳುವುದು ದೊಡ್ಡ ಯೋಜನೆಯನ್ನಲ್ಲ. ಒಂದು ಕಾಲೇಜು, ಒಂದು ಬ್ಯಾಚು, ನಾಲ್ಕು ತರಗತಿ. ಎರಡನ್ನು ರೋಗಿಗಳು, ಎರಡನ್ನು ಮನೆಯವರು ನಡೆಸಲಿ. ಏನು ಕಲಿಸಬೇಕೆಂದು ತಿಂಗಳು ಮುಂಚೆ ಕೂತು ಅವರೇ ಗೊತ್ತುಮಾಡಲಿ. ಕೊನೆಗೆ ವಿಭಾಗದ ಆಂತರಿಕ ಮೌಲ್ಯಮಾಪನದಲ್ಲಿ ಐದು ಅಂಕ ಅವರ ಕೈಯಲ್ಲಿರಲಿ. ವಿದ್ಯಾರ್ಥಿ ರೋಗಿಯನ್ನು ಮಾತಾಡಿಸಿದ ಮೇಲೆ, ಈ ಡಾಕ್ಟ್ರ ಹತ್ತಿರ ನೀವು ಇನ್ನೊಂದು ಸಲ ಬರುತ್ತೀರಾ ಎಂಬ ಪ್ರಶ್ನೆಗೆ ರೋಗಿ ಕೊಡುವ ಉತ್ತರದ ಮೇಲೆ ಆ ಅಂಕ ನಿಲ್ಲಲಿ. ಬರುವುದಿಲ್ಲ ಎಂದರೆ ಯಾಕೆಂದು ವಿದ್ಯಾರ್ಥಿಯ ಎದುರಿನಲ್ಲೇ ಹೇಳಲಿ.

ಇದರ ಕರಡು ವೇಳಾಪಟ್ಟಿಯನ್ನು, ಪಾಠ ಹೇಳಲು ಈಗಾಗಲೇ ಒಪ್ಪಿರುವ ಮನೆಯವರ ಜೊತೆ ಕೂತು ಬರೆದು ತಂದಿದ್ದೇನೆ. ಮುಂದಿನ ಸಾಲುಗಳಲ್ಲಿ ಇಬ್ಬರು ಪ್ರಾಂಶುಪಾಲರು ಕೂತಿರುವುದು ಕಾಣುತ್ತಿದೆ. ಪ್ರಶ್ನೋತ್ತರ ಮುಗಿದ ಮೇಲೆ ಪ್ರತಿಗಳನ್ನು ತೆಗೆದುಕೊಂಡು ಅವರ ಹತ್ತಿರ ನಾನೇ ಬರುತ್ತೇನೆ.